ಹಲ್ಲಿಗೆ ಯಾವ ಕ್ಲಿಪ್ ಹಾಕಿಸೋದು? ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರ ಲೆಕ್ಕ

ಸಿಂಧನೂರಿನ ಹಲ್ಲಿನ ದವಾಖಾನೆಯೊಂದರ ಕೌಂಟರಿನಲ್ಲಿ ಕೂರುವವಳು ನಾನು. ಡಾಕ್ಟರ್ ಅಲ್ಲ. ಚೀಟಿ ಬರೆಯುವುದು, ಕಂತಿನ ಲೆಕ್ಕ ಇಡುವುದು, ‘ಕ್ಲಿಪ್ ಡಾಕ್ಟ್ರು ಯಾವಾಗ ಬರ್ತಾರ್ರಿ’ ಅನ್ನುವ ಫೋನಿಗೆ ಉತ್ತರ ಕೊಡುವುದು ನನ್ನ ಕೆಲಸ. ಮಗನನ್ನೋ ಮಗಳನ್ನೋ ಕರೆದುಕೊಂಡು ಬಂದವರು ಒಳಗೆ ಹೋಗುವ ಮುಂಚೆ ನನ್ನ ಹತ್ತಿರವೇ ಬಗ್ಗಿ ಮೆಲ್ಲಗೆ ಕೇಳುತ್ತಾರೆ: ‘ಅಕ್ಕಾರ, ಸ್ಟೀಲಿಂದು ಚಲೋನೋ, ಬಿಳೀದು ಚಲೋನೋ, ಈಗ ಕಾಣ್ಲಾರದ್ದು ಬಂದೈತಲ್ಲ ಅದು ಚಲೋನೋ?’

ಪ್ರಶ್ನೆ ತಪ್ಪಲ್ಲ. ಆದರೆ ಅದು ಕೊನೆಗೆ ಕೇಳಬೇಕಾದ್ದು. ಅದಕ್ಕೂ ಮುಂಚೆ ಇತ್ಯರ್ಥ ಆಗಬೇಕಾದ ನಾಲ್ಕಾರು ವಿಷಯ ಇವೆ. ಅವು ಸ್ಪಷ್ಟವಾದರೆ ಯಾವ ಕ್ಲಿಪ್ ಎನ್ನುವುದು ಹೆಚ್ಚುಕಡಿಮೆ ತಾನಾಗಿಯೇ ಗೊತ್ತಾಗುತ್ತದೆ.

ತಂತಿಗಿಂತ ಮುಂಚಿನ ಲೆಕ್ಕ

ಕ್ಲಿಪ್ ಯಾವುದೇ ಇರಲಿ, ಹಲ್ಲು ಸರಿಯುವ ರೀತಿ ಒಂದೇ. ಹಗುರಾದ ಒತ್ತಡ ಬಿಡದೆ ಬೀಳುತ್ತಿದ್ದರೆ ಹಲ್ಲು ಒತ್ತಿದ ಕಡೆ ಮೂಳೆ ಕರಗುತ್ತದೆ, ಬಿಟ್ಟುಬಂದ ಕಡೆ ಹೊಸ ಮೂಳೆ ತುಂಬುತ್ತದೆ. ತಿಂಗಳಿಗೆ ಸುಮಾರು 1 ಮಿಲಿಮೀಟರ್ ಅಷ್ಟೇ. ಹಾಗಾಗಿಯೇ ಒಂದೂವರೆಯಿಂದ ಎರಡು ವರ್ಷ, ಕಷ್ಟದ ಕೇಸಾದರೆ ಇನ್ನೂ ಜಾಸ್ತಿ. ‘ಸ್ವಲ್ಪ ಜೋರಾಗಿ ಬಿಗಿ ಮಾಡ್ರಿ, ಲಗೂನ ಮುಗೀಲಿ’ ಎಂದರೆ ಆಗುವ ಕೆಲಸವಲ್ಲ. ಹೆಚ್ಚು ಒತ್ತಿದರೆ ಹಲ್ಲು ಬೇಗ ಬರುವುದಿಲ್ಲ, ಬೇರು ಸವೆಯುತ್ತದೆ.

ಅಂದರೆ ನೀವು ಕೊಳ್ಳುತ್ತಿರುವುದು ಒಂದು ವಸ್ತುವನ್ನಲ್ಲ, 4ರಿಂದ 6 ವಾರಕ್ಕೊಮ್ಮೆ ಒಬ್ಬ ಡಾಕ್ಟರ ಮುಂದೆ ಬಾಯಿ ತೆರೆದು ಕೂರುವ ಎರಡು ವರ್ಷವನ್ನು. ಅದಕ್ಕೇ ನನ್ನ ಮಟ್ಟಿಗೆ ಮೊದಲ ಮಾನದಂಡ ದಾರಿ. ಆ ಡಾಕ್ಟರು ಎಲ್ಲಿ ಸಿಗುತ್ತಾರೆ, ನಿಮ್ಮೂರಿನಿಂದ ಅಲ್ಲಿಗೆ ಮಳೆಗಾಲ, ಪರೀಕ್ಷೆ, ನಾಟಿ, ಕೊಯ್ಲು ಏನೇ ಇದ್ದರೂ ಹೋಗಿಬರಲು ಆಗುತ್ತದೆಯೇ? ಸಿಂಧನೂರಿನಿಂದ ರಾಯಚೂರಿಗೋ ಬಳ್ಳಾರಿಗೋ ಬಸ್ಸಿನಲ್ಲಿ ಹೋಗಿ ತೋರಿಸಿಕೊಂಡು ಬರುವುದೆಂದರೆ ಒಂದು ದಿನ ಹೋಯಿತೆಂದೇ ಲೆಕ್ಕ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವ್ವ-ಮಗಳು ಹೋಗುವುದಾದರೆ ಸಾದಾ ಬಸ್ಸಿನ ಟಿಕೆಟ್ ದುಡ್ಡು ಉಳಿಯುತ್ತದೆ. ದಿನಗೂಲಿ ಮತ್ತು ಶಾಲೆ ತಪ್ಪುವುದು ಉಳಿಯುವುದಿಲ್ಲ.

ನಮ್ಮಂಥ ತಾಲ್ಲೂಕು ಊರುಗಳಲ್ಲಿ ಕ್ಲಿಪ್ಪಿನ ತಜ್ಞರು ದಿನಾ ಕೂರುವುದು ಕಡಿಮೆ. ತಿಂಗಳಿಗೆ ಒಂದೆರಡು ದಿನ ಹೊರಗಿನಿಂದ ಬಂದು, ಸಾಲಾಗಿ ಎಲ್ಲರನ್ನೂ ನೋಡಿ ಹೋಗುತ್ತಾರೆ. ಇದರಿಂದ ದಾರಿಯೇನೋ ಉಳಿಯಿತು. ಆದರೆ ಅವರು ಹೋದ ಮರುದಿನ ಬ್ರಾಕೆಟ್, ಅಂದರೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು, ಕಿತ್ತರೆ? ಸ್ಥಳೀಯ ಡಾಕ್ಟರು ಚುಚ್ಚುವ ತಂತಿಯನ್ನು ಕತ್ತರಿಸಿ ಸದ್ಯಕ್ಕೆ ಆರಾಮ ಮಾಡಿಕೊಡಬಹುದು. ಮತ್ತೆ ಅಂಟಿಸಿ ಮುಂದಿನ ಹೆಜ್ಜೆ ಇಡುವುದು ತಜ್ಞರು ಬಂದಾಗಲೇ. ಹೀಗೆ ಮೂರು ನಾಲ್ಕು ಸಲ ಆದರೆ ಚಿಕಿತ್ಸೆ ಅಷ್ಟಷ್ಟೇ ತಿಂಗಳು ಮುಂದಕ್ಕೆ ಹೋಗುತ್ತದೆ.

ಎರಡನೆಯದು, ಹಾಕುವವರು ಯಾರು. ಬಿಡಿಎಸ್ ಅಂದರೆ ಹಲ್ಲಿನ ಡಾಕ್ಟರ ಮೊದಲ ಡಿಗ್ರಿ, ಇಂಟರ್ನ್‌ಶಿಪ್ ಸೇರಿ 5 ವರ್ಷ. ಅದರ ಮೇಲೆ 3 ವರ್ಷ ಬರೀ ಹಲ್ಲು-ದವಡೆ ಸಾಲಿಗೆ ತರುವುದನ್ನೇ ಓದಿದವರು ಆರ್ಥೊಡಾಂಟಿಕ್ಸ್ ಎಂಡಿಎಸ್. ಬೋರ್ಡಿನ ಮೇಲೆ ಎಂಡಿಎಸ್ ಅಂತ ಇದ್ದರೆ ಸಾಲದು, ಯಾವುದರಲ್ಲಿ ಎಂಡಿಎಸ್ ಎಂದು ಕೇಳಿ. ರೂಟ್ ಕೆನಾಲಿನದೂ ಎಂಡಿಎಸ್ಸೇ, ಒಸಡಿನದೂ ಎಂಡಿಎಸ್ಸೇ. ಮುಂದಿನ ಹಲ್ಲಿನ ನಡುವೆ ಒಂದು ಸಣ್ಣ ಸಂದು ಮುಚ್ಚುವುದನ್ನು ಅನುಭವ ಇರುವ ಬಿಡಿಎಸ್ ಡಾಕ್ಟರೂ ಮಾಡಿಯಾರು. ಹಲ್ಲು ಕಿತ್ತು ಜಾಗ ಮಾಡುವ ಕೇಸು, ದವಡೆಯೇ ಮುಂದೆ ಅಥವಾ ಹಿಂದೆ ಇರುವ ಕೇಸು ಆರ್ಥೊ ತಜ್ಞರ ಕೈಗೇ ಹೋಗಬೇಕು. ಇದರಲ್ಲಿ ಮಾತ್ರ ಮುಲಾಜು ಬೇಡ.

ಮೂರನೆಯದು, ಮುಂದಿನ ಎರಡು ವರ್ಷ ನೀವು ಎಲ್ಲಿ ಇರುತ್ತೀರಿ. ನಮ್ಮ ಕಡೆ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹತ್ತನೇ ಕ್ಲಾಸಿನ ದಸರಾ ರಜೆಯಲ್ಲಿ ಕ್ಲಿಪ್ ಹಾಕಿಸುತ್ತಾರೆ, ಜೂನ್‌ನಲ್ಲಿ ಹುಡುಗನನ್ನು ಪಿಯುಸಿಗೆಂದು ಮಂಗಳೂರು ಕಡೆಯ ಹಾಸ್ಟೆಲಿಗೆ ಬಿಡುತ್ತಾರೆ. ಅರ್ಧ ಆದ ಕೇಸನ್ನು ಇನ್ನೊಬ್ಬ ಡಾಕ್ಟರು ಕೈಗೆತ್ತಿಕೊಳ್ಳಲು ಹಿಂಜರಿಯುತ್ತಾರೆ. ಎತ್ತಿಕೊಂಡರೂ ಅವರ ಬ್ರಾಕೆಟ್ಟಿನ ಅಳತೆ, ಅವರ ಯೋಜನೆ ಬೇರೆ ಇರಬಹುದು. ದುಡ್ಡೂ ಹೊಸದಾಗಿ ಶುರು. ಪಿಯುಸಿ ಹೊರಗೆ ಓದಿಸುವುದು ಖಚಿತವಿದ್ದರೆ ಎಂಟನೇ ಕ್ಲಾಸಿಗೇ ಶುರು ಮಾಡಿಸಿ, ಇಲ್ಲವೇ ಸೇರಿದ ಊರಿನಲ್ಲೇ ಹಾಕಿಸಿ.

ದುಡ್ಡು ಸಹಜವಾಗಿ ಇದ್ದೇ ಇದೆ, ಅದಕ್ಕೆ ಕೆಳಗೆ ಬರುತ್ತೇನೆ. ಅದಕ್ಕೂ ಮುಂಚೆ ಎಲ್ಲ ಊರಿನವರಿಗೂ ಇಲ್ಲದ, ನಮ್ಮ ಕಡೆ ಹೆಚ್ಚಾಗಿ ಕಾಡುವ ಒಂದು ವಿಷಯ ಹೇಳಬೇಕು.

ನಮ್ಮ ಬೋರಿನ ನೀರು

ಈ ಮೂರೂ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಬೋರಿನ ನೀರಿಗೆ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರ ತನಕ ಸಹಿಸಬಹುದು ಎನ್ನುವುದು ಭಾರತೀಯ ಮಾನಕ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಸುಣ್ಣದ ಬಣ್ಣದ ಗೆರೆ, ಕಂದು ಕಲೆ, ಜಾಸ್ತಿಯಾದರೆ ಸಣ್ಣ ಗುಳಿ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲೇ ಆಗುವ ಹಾನಿ ಇದು. ಏನು ತಿಕ್ಕಿದರೂ ಹೋಗುವುದಿಲ್ಲ.

ಕ್ಲಿಪ್ಪಿಗೂ ಇದಕ್ಕೂ ಏನು ಸಂಬಂಧ ಎಂದರೆ, ಅಂಟು. ಬ್ರಾಕೆಟ್ ಕೂರಿಸುವ ದಿನ ಹಲ್ಲನ್ನು ಒಣಗಿಸಿ ನೀಲಿ ಜೆಲ್ ಹಚ್ಚುತ್ತಾರೆ. ಅದು 37 ಪ್ರತಿಶತದ ಫಾಸ್ಫಾರಿಕ್ ಆಸಿಡ್. ಅರ್ಧ ನಿಮಿಷ ಬಿಟ್ಟು ತೊಳೆದು ಗಾಳಿ ಊದಿದಾಗ ಹೊಳೆಯುತ್ತಿದ್ದ ಹಲ್ಲು ಮಂಕು ಬಿಳಿಯಾಗಿ ಕಾಣಬೇಕು. ಹಾಗೆ ಕಂಡರೆ ಎನಾಮಲ್, ಅಂದರೆ ಹಲ್ಲಿನ ಮೇಲಿನ ಗಟ್ಟಿ ಪದರ, ಅಂಟು ಹಿಡಿಯಲು ತಯಾರಾಗಿದೆ ಎಂದರ್ಥ. ಕಂದುಗಲೆಯ ಹಲ್ಲಿನಲ್ಲಿ ಕೆಲವು ಸಲ ಆ ಮಂಕು ಸರಿಯಾಗಿ ಬರುವುದೇ ಇಲ್ಲ. ಫ್ಲೋರೈಡ್ ತುಂಬಿದ ಎನಾಮಲ್ ಆಸಿಡ್ಡಿಗೆ ಸುಲಭಕ್ಕೆ ಜಗ್ಗುವುದಿಲ್ಲ. ಡಾಕ್ಟರು ಇನ್ನಷ್ಟು ಹೊತ್ತು ಜೆಲ್ ಬಿಡುತ್ತಾರೆ, ಇಲ್ಲವೇ ಮೇಲ್ಪದರವನ್ನು ತುಸು ಉಜ್ಜಿ ಅಂಟಿಸುತ್ತಾರೆ. ಆದರೂ ಮೊದಲ ಕೆಲವು ತಿಂಗಳು ಬ್ರಾಕೆಟ್ ಉದುರುವುದು ಉಳಿದವರಿಗಿಂತ ಹೆಚ್ಚು.

ಹಾಗಾಗಿ ಹಲ್ಲಿನ ಮೇಲೆ ಕಲೆ ಇದ್ದರೆ ಎರಡು ಮಾತು ಮೊದಲೇ ಕೇಳಿ. ‘ಈ ಹಲ್ಲಿಗೆ ಅಂಟು ಹಿಡಿಯುತ್ತದೆಯೇ, ನೀವು ಇಂಥ ಕೇಸು ಮಾಡಿದ್ದೀರಾ?’ ಎನ್ನುವುದು ಒಂದು. ‘ಉದುರಿದ ಬ್ರಾಕೆಟ್ಟಿಗೆ ಬೇರೆ ದುಡ್ಡು ತಗೋತೀರಾ?’ ಎನ್ನುವುದು ಇನ್ನೊಂದು. ಕೆಲವು ಕಡೆ ಒಂದೆರಡು ಸಲ ಪುಕ್ಕಟೆ, ಆಮೇಲೆ ಪ್ರತಿಯೊಂದಕ್ಕೂ ಚಾರ್ಜು.

‘ನಮ್ಮ ನೀರಾಗ ಮೊದ್ಲೇ ಫ್ಲೋರೈಡ್ ಐತಿ, ಫ್ಲೋರೈಡ್ ಪೇಸ್ಟ್ ಯಾಕ ಬೇಕು?’ ಎಂದೂ ಕೇಳುತ್ತಾರೆ. ಕಲೆ ಆಗುವುದು ಚಿಕ್ಕಂದಿನಲ್ಲಿ ನುಂಗಿದ ಫ್ಲೋರೈಡಿನಿಂದ. ಹನ್ನೆರಡು ಹದಿಮೂರರ ಹುಡುಗಿ ಪೇಸ್ಟ್ ಹಚ್ಚಿ ತಿಕ್ಕಿ ಉಗುಳಿದರೆ ಹೊಸ ಕಲೆ ಬರುವುದಿಲ್ಲ, ಬದಲಿಗೆ ಕ್ಲಿಪ್ಪಿನ ಸುತ್ತ ಹುಳುಕು ಹಿಡಿಯುವುದು ಕಮ್ಮಿಯಾಗುತ್ತದೆ. ಉಗುಳಲು ಬಾರದ ಚಿಕ್ಕ ತಮ್ಮನ ವಿಷಯ ಬೇರೆ. ಅವನಿಗೆ ಏನು ಎನ್ನುವುದನ್ನು ಡಾಕ್ಟರನ್ನೇ ಕೇಳಿ.

ಸ್ಟೀಲ್ ಕ್ಲಿಪ್

ಹೆಚ್ಚಿನವರಿಗೆ ಇದೇ ಸಾಕು. ಇದನ್ನು ಬಡವರ ಕ್ಲಿಪ್ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಹಲ್ಲು ತಿರುಚಿದ್ದಿರಲಿ, ಕೋರೆಹಲ್ಲು ಮೇಲೆ ಸಿಕ್ಕಿಕೊಂಡಿರಲಿ, ಉಬ್ಬಲ್ಲಿಗೆ ನಾಲ್ಕು ಹಲ್ಲು ತೆಗೆದು ಹಿಂದಕ್ಕೆ ಎಳೆಯುವುದಿರಲಿ, ಇದರಲ್ಲಿ ಆಗದ ಕೆಲಸ ಇಲ್ಲವೆನ್ನುವಷ್ಟು ಕಮ್ಮಿ. ಬ್ರಾಕೆಟ್ ಚಿಕ್ಕದು, ಗಟ್ಟಿ, ಸುಲಭಕ್ಕೆ ಒಡೆಯುವುದಿಲ್ಲ. ಖಾಸಗಿ ದವಾಖಾನೆಗಳಲ್ಲಿ ಸಾಮಾನ್ಯವಾಗಿ ಸುಮಾರು 25,000ದಿಂದ 50,000 ರೂಪಾಯಿ. ಊರು, ಡಾಕ್ಟರು, ಕೇಸು ನೋಡಿ ಆಚೀಚೆ ಆಗುತ್ತದೆ.

ತೊಂದರೆ ಮೂರು. ಕಾಣುತ್ತದೆ. ಮೊದಲ ವಾರ ಕೆನ್ನೆಯ ಒಳಗೆ ತರಚುತ್ತದೆ. ನಿಕಲ್ ಅಲರ್ಜಿ ಇರುವವರಿಗೆ ಆಗದಿರಬಹುದು, ಏಕೆಂದರೆ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಶುರುವಿನ ನಿಕಲ್-ಟೈಟೇನಿಯಂ ತಂತಿಯಲ್ಲೂ ನಿಕಲ್ ಇದೆ. ಬೆಂಟೆಕ್ಸ್ ಓಲೆ ಹಾಕಿದರೆ ಕಿವಿ ತುರಿಸಿ ಕೆಂಪಾಗುತ್ತದೆ ಎನ್ನುವವರು ಅದನ್ನು ಮೊದಲ ದಿನವೇ ಡಾಕ್ಟರಿಗೆ ಹೇಳಬೇಕು.

ಬಿಳಿ ಕ್ಲಿಪ್, ಅಂದರೆ ಸೆರಾಮಿಕ್

ತಂತಿ ಹೊಳೆಯುವುದು ಹೊಳೆಯುತ್ತದೆ, ಬ್ರಾಕೆಟ್ ಮಾತ್ರ ಹಲ್ಲಿನ ಬಣ್ಣದ್ದು. ಸ್ಟೀಲಿನ ಒಂದೂವರೆ ಪಟ್ಟು ದರ ಎಂದಿಟ್ಟುಕೊಳ್ಳಿ. ಕಾಲೇಜಿಗೆ ಹೋಗುವವರು, ಬ್ಯಾಂಕಿನಲ್ಲಿ ಕೂರುವವರು, ಮದುವೆ ಮಾತುಕತೆ ನಡೆಯುತ್ತಿರುವ ಹುಡುಗಿಯರು ಹೆಚ್ಚಾಗಿ ಇದನ್ನೇ ಬಯಸುತ್ತಾರೆ.

ಆದರೆ ನಮ್ಮ ಊಟ ನೋಡಿ. ಬ್ರಾಕೆಟ್ಟಿಗೂ ತಂತಿಗೂ ಗಂಟು ಹಾಕುವ ಚಿಕ್ಕ ರಬ್ಬರ್ ಉಂಗುರ ಇರುತ್ತದಲ್ಲ, ಅದು ಪಾರದರ್ಶಕದ್ದು. ಹಾಕಿಸಿಕೊಂಡು ಮನೆಗೆ ಹೋಗಿ, ಮರುದಿನ ಬೆಳಿಗ್ಗೆ ಒಂದು ಪ್ಲೇಟ್ ಮಂಡಾಳ ವಗ್ಗರಣಿ ತಿಂದರೆ ಮುಗಿಯಿತು. ಅರಿಶಿನ ಕುಡಿದು ಆ ಉಂಗುರಗಳೆಲ್ಲ ಹಳದಿ. ಬ್ರಾಕೆಟ್ ಬೆಳ್ಳಗೇ ಇದೆ, ಅದರ ಸುತ್ತ ಹಳದಿ ಚೌಕಟ್ಟು. ದೂರದಿಂದ ನೋಡಿದವರಿಗೆ ಹಲ್ಲು ತಿಕ್ಕಿಲ್ಲ ಅನ್ನಿಸುತ್ತದೆ. ಮುಂದಿನ ತಿಂಗಳು ಉಂಗುರ ಬದಲಿಸುವ ತನಕ ಅದೇ. ಗೊತ್ತಿದ್ದವರು ಬೂದು ಬಣ್ಣದ ಉಂಗುರ ಕೇಳುತ್ತಾರೆ, ಅಥವಾ ರಬ್ಬರಿನ ಬದಲು ಸಣ್ಣ ಸ್ಟೀಲ್ ತಂತಿಯಲ್ಲಿ ಕಟ್ಟಿಸುತ್ತಾರೆ. ಹಬ್ಬ, ಮದುವೆ ಇದ್ದರೆ ಅದರ ಹಿಂದಿನ ದಿನ ಬಂದು ಉಂಗುರ ಬದಲಿಸಿಕೊಂಡು ಹೋಗುವವರೂ ಇದ್ದಾರೆ.

ಎರಡನೇ ಸಮಸ್ಯೆ ಗಡಸುತನ. ಸೆರಾಮಿಕ್ ಎನಾಮಲ್ಲಿಗಿಂತ ಗಟ್ಟಿ, ಆದರೆ ಪಟಕ್ಕನೆ ಒಡೆಯುವ ಜಾತಿಯದು. ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಪೂರ್ತಿ ಮುಚ್ಚುವಂಥ ಕಚ್ಚು ಇದ್ದರೆ, ಕೆಳಗಿನ ಬ್ರಾಕೆಟ್ಟಿಗೆ ಮೇಲಿನ ಹಲ್ಲು ತಾಗಿ ತಾಗಿ ಸವೆಯುತ್ತದೆ. ಅದಕ್ಕೇ ಅನೇಕ ಡಾಕ್ಟರು ನಗುವಾಗ ಕಾಣುವ ಮೇಲಿನ ಹಲ್ಲಿಗೆ ಬಿಳಿ, ಕೆಳಗೆ ಸ್ಟೀಲ್ ಎನ್ನುತ್ತಾರೆ. ಇದು ದುಡ್ಡಿನಲ್ಲೂ ಮಧ್ಯಮ. ನನ್ನ ಅಭಿಪ್ರಾಯ ಕೇಳಿದರೆ, ಬಿಳಿ ಬೇಕೇಬೇಕು ಎನ್ನುವವರಿಗೆ ಈ ಜೋಡಿಯೇ ವಾಸಿ.

ಹಲ್ಲಿನ ಮೇಲೆ ಕಂದು ಕಲೆ ಇರುವವರು ಬಿಳಿಗೆ ಹೆಚ್ಚು ದುಡ್ಡು ಕೊಡುವ ಮುಂಚೆ ಒಮ್ಮೆ ಕನ್ನಡಿ ನೋಡಿಕೊಳ್ಳಿ. ಕಂದು ಹಲ್ಲಿನ ಮೇಲೆ ಬಿಳಿ ಬ್ರಾಕೆಟ್ ಅಡಗುವುದಿಲ್ಲ, ಎದ್ದು ಕಾಣುತ್ತದೆ. ಆ ದುಡ್ಡನ್ನು ಇಟ್ಟುಕೊಂಡಿರಿ, ಹಲ್ಲು ನೇರ ಆದ ಮೇಲೆ ಕಲೆ ತೆಗೆಸಲು ಆಗುತ್ತದೆ.

ಸೆಲ್ಫ್ ಲೈಗೇಟಿಂಗ್ ಎಂಬುದೊಂದಿದೆ. ರಬ್ಬರ್ ಉಂಗುರದ ಬದಲು ಬ್ರಾಕೆಟ್ಟಿಗೇ ಪುಟ್ಟ ಬಾಗಿಲು. ‘ಬೇಗ ಮುಗಿಯುತ್ತದೆ, ನೋವಿಲ್ಲ’ ಎಂದು ಮಾರುತ್ತಾರೆ. ಈ ಬಗ್ಗೆ ನಡೆದ ಸಂಶೋಧನೆಗಳನ್ನು ಒಟ್ಟಿಗೆ ತೂಗಿ ನೋಡಿದ ಪರಿಶೀಲನೆಗಳಲ್ಲಿ ಚಿಕಿತ್ಸೆಯ ಅವಧಿ ಅಷ್ಟೇನೂ ಕಮ್ಮಿಯಾಗಿದ್ದು ಕಂಡಿಲ್ಲ. ಕುರ್ಚಿಯಲ್ಲಿ ಕೂರುವ ಹೊತ್ತು ಸ್ವಲ್ಪ ಉಳಿಯುತ್ತದೆ, ಹಳದಿಯಾಗುವ ರಬ್ಬರ್ ಇರುವುದಿಲ್ಲ. ಅಷ್ಟಕ್ಕೆ ಹೆಚ್ಚಿನ ದುಡ್ಡು ಕೊಡುವ ಮನಸ್ಸಿದ್ದರೆ ಕೊಡಿ. ಹಲ್ಲಿನ ಹಿಂದುಗಡೆ ಹಾಕುವ ಲಿಂಗ್ವಲ್ ಕ್ಲಿಪ್ ನಮ್ಮ ಕಡೆಯವರಿಗೆ ದೂರದ ಮಾತು: ದುಬಾರಿ, ನಾಲಿಗೆಗೆ ಹುಣ್ಣು, ಮಾಡುವವರು ವಿರಳ.

ಕಾಣದ ಕ್ಲಿಪ್, ಅಂದರೆ ಅಲೈನರ್

ಪಾರದರ್ಶಕ ಪ್ಲಾಸ್ಟಿಕ್ ಕವಚ. ಒಂದಾದ ಮೇಲೊಂದು ಸರಣಿಯಾಗಿ, ವಾರಕ್ಕೋ ಎರಡು ವಾರಕ್ಕೋ ಒಂದು ಜೊತೆ ಬದಲಾಯಿಸಬೇಕು. ಅಮೆರಿಕದ ಅಲೈನ್ ಟೆಕ್ನಾಲಜಿ ಕಂಪನಿ 1990ರ ದಶಕದ ಕೊನೆಗೆ ಇನ್ವಿಸಲೈನ್ ಎಂದು ಶುರು ಮಾಡಿದ್ದು, ಈಗ ಭಾರತದ್ದೇ ಹಲವು ಕಂಪನಿಗಳ ಮಾಲೂ ಇದೆ. ಖರ್ಚು ಸುಮಾರು 80,000 ರೂಪಾಯಿಂದ ಹಿಡಿದು ಕಂಪನಿ, ಕೇಸು ನೋಡಿಕೊಂಡು ಎರಡು ಮೂರು ಲಕ್ಷದ ತನಕ.

ಇದರ ಗುಣ ಮೊದಲು ಹೇಳುತ್ತೇನೆ, ಯಾಕೆಂದರೆ ದೂರದ ಊರಿನವರಿಗೆ ಇದು ನಿಜಕ್ಕೂ ಅನುಕೂಲ. ಮುಂದಿನ ಕೆಲವು ಜೊತೆಗಳನ್ನು ಒಮ್ಮೆಗೇ ಕೊಟ್ಟು ಕಳಿಸುತ್ತಾರೆ, ಎರಡು ತಿಂಗಳಿಗೊಮ್ಮೆ ಹೋದರೂ ನಡೆಯುತ್ತದೆ. ತಂತಿ ಚುಚ್ಚುವುದಿಲ್ಲ. ತೆಗೆದಿಟ್ಟು ಊಟ ಮಾಡಬಹುದು, ಖಡಕ್ ರೊಟ್ಟಿಯನ್ನೂ ಬಿಡಬೇಕಾಗಿಲ್ಲ. ಬ್ರಷ್ ಮಾಡುವುದು ಸಲೀಸು. ಕೊಪ್ಪಳದಿಂದ ಹುಬ್ಬಳ್ಳಿ-ಧಾರವಾಡಕ್ಕೆ ಹೋಗಿ ತೋರಿಸುವ ನೌಕರಿಯವರಿಗೆ ಇದು ಹೊಂದುತ್ತದೆ.

ಈಗ ಅವಗುಣ. ದಿನಕ್ಕೆ 20ರಿಂದ 22 ತಾಸು ಬಾಯಲ್ಲಿ ಇರಲೇಬೇಕು. ಉಳಿದ ಎರಡರಿಂದ ನಾಲ್ಕು ತಾಸಿನಲ್ಲಿ ನಾಷ್ಟಾ, ಊಟ, ಹಲ್ಲು ತಿಕ್ಕುವುದು ಎಲ್ಲ ಮುಗಿಯಬೇಕು. ನಮ್ಮ ಕಡೆ ಅಂಗಡಿ ಮುಂದೆ ನಿಂತರೆ ಚಾ, ಬೀಗರ ಮನೆಗೆ ಹೋದರೆ ಚಾ, ಆಫೀಸಿಗೆ ಯಾರೇ ಬಂದರೂ ಅರ್ಧ ಚಾ. ಬಿಸಿ ಚಾ ಕವಚದ ಮೇಲೆ ಬಿದ್ದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಸಕ್ಕರೆ ಒಳಗೆ ಸೇರಿ ಹಲ್ಲು ಹುಳುಕುತ್ತದೆ. ಪ್ರತಿ ಸಲ ತೆಗೆದು, ಕುಡಿದು, ಬಾಯಿ ಮುಕ್ಕಳಿಸಿ, ಮತ್ತೆ ಹಾಕುವ ಶಿಸ್ತು ನಿಮಗಿದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಗುಟ್ಕಾ, ಎಲೆಯಡಿಕೆ ಅಭ್ಯಾಸ ಇದ್ದವರು ಮೊದಲು ಅದನ್ನು ಬಿಡಲಿ, ಅಲೈನರ್ ಮಾತು ಆಮೇಲೆ.

ಎಲ್ಲ ಹಲ್ಲಿಗೂ ಇದು ಆಗುತ್ತದೆ ಎನ್ನುವುದೂ ಸುಳ್ಳು. ಸಣ್ಣಪುಟ್ಟ ಸಂದು, ತುಸು ಇಕ್ಕಟ್ಟು, ಹಿಂದೊಮ್ಮೆ ಕ್ಲಿಪ್ ಹಾಕಿಸಿ ಮತ್ತೆ ವಾಲಿದ ಹಲ್ಲು, ಇವಕ್ಕೆ ಚೆನ್ನಾಗಿ ಕೂರುತ್ತದೆ. ಗುಂಡಗೆ ತಿರುಗಿ ನಿಂತ ಕೋರೆಹಲ್ಲು, ಹಲ್ಲು ಕಿತ್ತ ದೊಡ್ಡ ಜಾಗ ಮುಚ್ಚುವುದು, ಮೇಲೆಯೇ ನಿಂತ ಹಲ್ಲನ್ನು ಕೆಳಗೆ ತರುವುದು ಇದಕ್ಕೆ ಕಷ್ಟ. ‘ಕಾಣುವುದಿಲ್ಲ’ ಎಂದು ಮಾರಿದರೂ ಹಲವು ಹಲ್ಲಿನ ಮೇಲೆ ಸಣ್ಣ ಸಣ್ಣ ಗುಬ್ಬಿ, ಅಂದರೆ ಉಬ್ಬು, ಅಂಟಿಸಬೇಕಾಗುತ್ತದೆ, ಕವಚಕ್ಕೆ ಹಿಡಿತ ಸಿಗಲೆಂದು. ಫ್ಲೋರೈಡ್ ಹಲ್ಲಿನಲ್ಲಿ ಆ ಗುಬ್ಬಿಗಳೂ ಉದುರುತ್ತವೆ, ಅಂಟು ಅದೇ ತಾನೆ.

ಫೋನಿನಲ್ಲಿ ಜಾಹೀರಾತು ನೋಡಿ, ಯಾವ ಡಾಕ್ಟರನ್ನೂ ಕಾಣದೆ ಅಚ್ಚು ತೆಗೆದು ಪೋಸ್ಟಿನಲ್ಲಿ ಕಳಿಸಿ ಮಾಡಿಸುವ ಅಲೈನರ್ ಮಾತ್ರ ಬೇಡವೇ ಬೇಡ. ಎಕ್ಸ್‌ರೇ ಇಲ್ಲದೆ ಒಸಡಿನ ಒಳಗೆ ಏನಿದೆ, ಬೇರು ಎಷ್ಟಿದೆ ಎಂದು ಯಾರಿಗೂ ತಿಳಿಯದು. ಕಂಪನಿಯ ಗತಿಯನ್ನೂ ನೆನಪಿಡಿ. ಮನೆಗೇ ಅಲೈನರ್ ಕಳಿಸುವ ವ್ಯಾಪಾರದಲ್ಲಿ ದೊಡ್ಡ ಹೆಸರಾಗಿದ್ದ ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಚಿಕಿತ್ಸೆ ಅರ್ಧಕ್ಕೆ ನಿಂತವರು ಹಾಗೇ ಉಳಿದರು. ಊರಿನ ಡಾಕ್ಟರಾದರೆ ಕನಿಷ್ಠ ಬಾಗಿಲು ಬಡಿಯಲಿಕ್ಕಾದರೂ ಆಗುತ್ತದೆ.

ಚಿಕ್ಕ ಮಕ್ಕಳಿಗೆ ಬೇರೆಯೇ ದಾರಿ

7 ವರ್ಷದ ಸುಮಾರಿಗೆ ಒಮ್ಮೆ ತಜ್ಞರಿಗೆ ತೋರಿಸಿ ಎನ್ನುವುದು ಅಮೆರಿಕದ ಆರ್ಥೊಡಾಂಟಿಸ್ಟರ ಸಂಘದ ಸಲಹೆ. ತೋರಿಸಿದ ಕೂಡಲೇ ಕ್ಲಿಪ್ ಹಾಕುತ್ತಾರೆಂದಲ್ಲ. ಕೆಳದವಡೆ ಹಿಂದೆ ಉಳಿದು ಮೇಲಿನ ಹಲ್ಲು ಮುಂದೆ ಬಂದಿದ್ದರೆ, ಒಮ್ಮೆಲೇ ಎತ್ತರ ಬೆಳೆಯುವ ವಯಸ್ಸಿನಲ್ಲಿ ಟ್ವಿನ್ ಬ್ಲಾಕ್‌ನಂಥ ತೆಗೆದು ಹಾಕುವ ಸಾಧನ ಕೊಟ್ಟು ದವಡೆಯ ಬೆಳವಣಿಗೆಯ ಲಾಭ ಪಡೆಯುತ್ತಾರೆ. ಹುಡುಗಿಯರಿಗೆ ಆ ವಯಸ್ಸು ಹುಡುಗರಿಗಿಂತ ಒಂದೆರಡು ವರ್ಷ ಮುಂಚೆ. ಕೆಳದವಡೆ ಮುಂದೆ ಬಂದಿದ್ದರೆ ಇನ್ನೂ ಚಿಕ್ಕಂದಿನಲ್ಲೇ ನೋಡಬೇಕು. ‘ದೊಡ್ಡವನಾಗ್ಲಿ ತಡಿ’ ಎಂದು ಹದಿನೆಂಟರ ತನಕ ಬಿಟ್ಟರೆ ಬೆಳವಣಿಗೆ ಮುಗಿದಿರುತ್ತದೆ. ಆಮೇಲೆ ದವಡೆಯ ವ್ಯತ್ಯಾಸ ದೊಡ್ಡದಿದ್ದರೆ ಉಳಿಯುವುದು ಆಪರೇಷನ್ ಮಾತು. ಹಲ್ಲು ಮಾತ್ರ ಸೊಟ್ಟ ಇದ್ದರೆ ನಲವತ್ತರಲ್ಲೂ ಕ್ಲಿಪ್ ಹಾಕಿಸಬಹುದು, ಒಸಡು ಗಟ್ಟಿ ಇರಬೇಕಷ್ಟೇ.

ಗುಲಾಬಿ ಪ್ಲಾಸ್ಟಿಕ್ಕಿಗೆ ತಂತಿ ಕೂಡಿಸಿದ ಪ್ಲೇಟು ಅಗ್ಗ. ಆದರೆ ಅದು ಹಲ್ಲನ್ನು ವಾಲಿಸುತ್ತದೆಯೇ ಹೊರತು ಬೇರು ಸಮೇತ ಸರಿಸುವುದಿಲ್ಲ. ‘ಪ್ಲೇಟ್ ಸಾಕು’ ಎಂದು ಹೇಳಿದವರು ಯಾಕೆ ಸಾಕು ಎಂದೂ ಹೇಳಬೇಕು.

ಎರಡು ದಿನದಲ್ಲಿ ನೇರ?

ಸೊಟ್ಟ ಹಲ್ಲನ್ನು ಉಜ್ಜಿ ಸಣ್ಣ ಮಾಡಿ ಮೇಲೆ ಕ್ಯಾಪ್ ಕೂರಿಸಿ ಎರಡು ಭೇಟಿಯಲ್ಲಿ ಸಾಲು ಮಾಡಿಕೊಡುವವರಿದ್ದಾರೆ. ಮದುವೆ ತಿಂಗಳೊಪ್ಪತ್ತಿನಲ್ಲಿದೆ ಎಂದಾಗ ಈ ಆಸೆ ಬರುವುದು ಸಹಜ. ಉಜ್ಜಿದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಹೆಚ್ಚು ಉಜ್ಜಿದ ಹಲ್ಲಿಗೆ ಆಮೇಲೆ ರೂಟ್ ಕೆನಾಲ್ ಬರಬಹುದು, ಕ್ಯಾಪನ್ನೂ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಇಪ್ಪತ್ತರ ವಯಸ್ಸಿನಲ್ಲಿ ಕೆಡದ ಹಲ್ಲಿಗೆ ಇದನ್ನು ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಫ್ಲೋರೈಡ್ ಕಲೆ ಇರುವವರಿಗೆ ವೆನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ತೆಳು ಹೊದಿಕೆ ಅಂಟಿಸುವ ಕೆಲಸ ನಿಜವಾಗಿ ಬೇಕಾಗಬಹುದು, ಆದರೆ ಅನುಕ್ರಮ ಹೀಗಿರಲಿ: ಮೊದಲು ಕ್ಲಿಪ್, ಆಮೇಲೆ ಕಲೆ ತೆಗೆಯುವ ಹಗುರ ಚಿಕಿತ್ಸೆ, ಅದರಲ್ಲೂ ಹೋಗದಿದ್ದರೆ ವೆನೀರ್. ನೇರ ನಿಂತ ಹಲ್ಲಿಗೆ ಉಜ್ಜುವುದೂ ಕಡಿಮೆ.

ಏನೂ ಮಾಡಿಸದೆ ಇರುವುದೂ ಒಂದು ಆಯ್ಕೆಯೇ. ಕಚ್ಚು ಸರಿ ಇದ್ದು, ಹಲ್ಲು ತಿಕ್ಕಲು ಬರುತ್ತಿದ್ದು, ಒಂದು ಹಲ್ಲು ತುಸು ಓರೆ ಇದ್ದರೆ, ಅದು ನಿಮಗೇ ಬೇಸರ ಇಲ್ಲದಿದ್ದರೆ, ಪಕ್ಕದ ಮನೆಯವರ ಮಾತಿಗೆ ಎರಡು ವರ್ಷ ತಂತಿ ಕಟ್ಟಿಸಿಕೊಳ್ಳಬೇಕಾಗಿಲ್ಲ.

ಕಾಲೇಜು ದವಾಖಾನೆಯೋ, ಖಾಸಗಿಯೋ?

ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜಿದೆ. ರಾಯಚೂರಿನಲ್ಲಿ ಎಎಂಇ ಮತ್ತು ನವೋದಯ ಎಂಬ ಎರಡು ಖಾಸಗಿ ದಂತ ಕಾಲೇಜುಗಳಿವೆ. ಕೊಪ್ಪಳ, ಗಂಗಾವತಿ ಕಡೆಯವರು ಬಳ್ಳಾರಿಗೋ, ಇತ್ತ ಧಾರವಾಡದ ಎಸ್‌ಡಿಎಂಗೋ ಹೋಗಬಹುದು. ಹುಬ್ಬಳ್ಳಿ, ಬಳ್ಳಾರಿ ಎರಡೂ ಕಡೆಗೆ ಕೊಪ್ಪಳದಿಂದ ರೈಲೂ ಇದೆ. ಕಾಲೇಜುಗಳಲ್ಲಿ ದುಡ್ಡು ಖಾಸಗಿಗಿಂತ ಕಡಿಮೆ. ಕಲಿಯುವ ಡಾಕ್ಟರು ಮಾಡಿದರೂ ಮೇಲೆ ಪ್ರೊಫೆಸರರ ಕಣ್ಣಿರುತ್ತದೆ, ಎಕ್ಸ್‌ರೇ ಎಲ್ಲ ಅಲ್ಲೇ ಆಗುತ್ತದೆ. ಬದಲಿಗೆ ಹೊತ್ತು ಕೊಡಬೇಕು. ಬೆಳಿಗ್ಗೆ ಚೀಟಿ ಮಾಡಿಸಿದರೆ ಹೊರಬೀಳುವುದು ಊಟದ ಹೊತ್ತಿಗೆ.

ಅಲ್ಲಿ ಕೇಳಬೇಕಾದ ಒಂದು ಪ್ರಶ್ನೆ ಇದೆ, ಸಂಕೋಚ ಬೇಡ: ‘ಡಾಕ್ಟ್ರೇ, ನೀವು ಪಿಜಿ ಎಷ್ಟನೇ ವರ್ಷ?’ ಪಿಜಿ ಅಂದರೆ ಎಂಡಿಎಸ್ ಕೋರ್ಸು, 3 ವರ್ಷದ್ದು, ನಿಮ್ಮ ಚಿಕಿತ್ಸೆ 2 ವರ್ಷದ್ದು. ಮೊದಲ ವರ್ಷದವರ ಕೈಗೆ ಸಿಕ್ಕರೆ ಅವರೇ ಮುಗಿಸುವ ಸಾಧ್ಯತೆ ಹೆಚ್ಚು. ಕೊನೆಯ ವರ್ಷದವರಾದರೆ ಮಧ್ಯದಲ್ಲಿ ಕೇಸು ಕಿರಿಯರಿಗೆ ಹೋಗುತ್ತದೆ. ಹಾಗೆ ಹೋದರೆ ಕೆಡುತ್ತದೆಂದಲ್ಲ, ಆದರೆ ಹೊಸಬರು ನಿಮ್ಮ ಬಾಯಿಯನ್ನು ಅರ್ಥ ಮಾಡಿಕೊಳ್ಳಲು ಒಂದೆರಡು ಭೇಟಿ ಹೋಗುತ್ತವೆ.

ಖಾಸಗಿಯಲ್ಲಿ ದುಡ್ಡಿನ ಲೆಕ್ಕ ಬಿಡಿಸಿ ಕೇಳಿ. ‘ತಿಂಗಳಿಗೆ ಇಷ್ಟೇ’ ಎನ್ನುವುದು ಉತ್ತರವಲ್ಲ, ಒಟ್ಟು ಎಷ್ಟು ಎಂದು ಬೇಕು. ಎಕ್ಸ್‌ರೇ, ಹಲ್ಲು ತೊಳೆಯುವುದು, ಹುಳುಕು ತುಂಬುವುದು, ಹಲ್ಲು ಕೀಳುವುದು, ಕ್ಲಿಪ್ ತೆಗೆದ ಮೇಲೆ ಹಲ್ಲು ವಾಪಸ್ ವಾಲದಂತೆ ಹಾಕುವ ರಿಟೇನರ್, ಇವು ಆ ಮೊತ್ತದ ಒಳಗೋ ಹೊರಗೋ? ಒಂದು ಕಡೆ 28,000, ಇನ್ನೊಂದು ಕಡೆ 35,000 ಎಂದಾಗ ಎಲ್ಲ ಕೂಡಿಸಿ ನೋಡಿದರೆ ಎರಡನೆಯದೇ ಅಗ್ಗ ಆಗಿರಬಹುದು. ಆರೋಗ್ಯ ವಿಮೆ ಇದಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ.

ಹಾಕಿಸಿದ ಮೇಲೆ

ಹಲ್ಲು ಕೀಳುವ ಮಾತು ಬಂದರೆ ಮನೆಯಲ್ಲಿ ಗಲಾಟೆ ಆಗುವುದು ಗ್ಯಾರಂಟಿ. ‘ಮ್ಯಾಲಿನ ಹಲ್ಲು ಕಿತ್ರ ಕಣ್ಣು ಹೋಗ್ತಾವ’ ಎಂದು ಅಜ್ಜಿ ಪಟ್ಟು ಹಿಡಿಯುತ್ತಾರೆ. ಹಲ್ಲಿಗೂ ದೃಷ್ಟಿಗೂ ಸಂಬಂಧ ಇಲ್ಲ. ದವಡೆಯಲ್ಲಿ ಜಾಗವೇ ಇಲ್ಲದಿದ್ದಾಗ, ಕೋರೆಹಲ್ಲಿನ ಹಿಂದಿನ ಒಂದೊಂದು ಹಲ್ಲು ತೆಗೆಯದೆ ಉಬ್ಬಲ್ಲು ಒಳಗೆ ಹೋಗುವುದು ಕಷ್ಟ. ಆದರೆ ಎಲ್ಲರಿಗೂ ಕೀಳಬೇಕಾಗಿಲ್ಲ. ಅನುಮಾನ ಇದ್ದರೆ ಎಕ್ಸ್‌ರೇ ಹಿಡಿದುಕೊಂಡು ಇನ್ನೊಬ್ಬ ತಜ್ಞರನ್ನು ಕೇಳಿ. ಕಿತ್ತ ಮೇಲೆ ಮತ್ತೆ ಹಚ್ಚಲಾಗುವುದಿಲ್ಲ.

ಮೊದಲ ಮೂರು ನಾಲ್ಕು ದಿನ ಹಲ್ಲು ಮುಟ್ಟಿದರೆ ನೋವು. ಬಿಸಿ ಅನ್ನ-ಬೇಳೆ, ಜೋಳದ ನುಚ್ಚು-ಮಜ್ಜಿಗೆ, ಇಡ್ಲಿ, ಹಾಲಲ್ಲಿ ನೆನೆಸಿದ ಬಿಸಿ ರೊಟ್ಟಿ ಸಾಕು. ಗುಳಿಗೆ ಬೇಕಾದರೆ ಪ್ಯಾರಸಿಟಮಾಲ್, ಅದೂ ಡಾಕ್ಟರು ಹೇಳಿದ ಪ್ರಮಾಣದಲ್ಲಿ. ಕೆನ್ನೆಗೆ ತರಚುವ ಜಾಗಕ್ಕೆ ಕೊಟ್ಟಿರುವ ಮೇಣವನ್ನು ಉಂಡೆ ಮಾಡಿ ಒತ್ತಿ, ಉಪ್ಪುನೀರಿನಲ್ಲಿ ಮುಕ್ಕಳಿಸಿ.

ಅಂಟಿಸಿದ ಕ್ಲಿಪ್ ಇದ್ದವರಿಗೆ ಆಮೇಲಿನ ಎರಡು ವರ್ಷ ಖಡಕ್ ರೊಟ್ಟಿ, ಕಬ್ಬು, ಶೇಂಗಾ ಉಂಡಿ, ಬಾರೆಹಣ್ಣಿನ ಬೀಜ, ಐಸ್ ಕಚ್ಚುವುದು ಬಂದ್. ಪ್ಯಾರಲಹಣ್ಣನ್ನು ಹೆಚ್ಚಿ ತಿನ್ನಬಹುದು, ಮುಂದಿನ ಹಲ್ಲಿನಿಂದ ಕಚ್ಚಬಾರದು. ಸಂಕ್ರಾಂತಿ ಆದ ವಾರ ನಮ್ಮ ದವಾಖಾನೆಯಲ್ಲಿ ಬ್ರಾಕೆಟ್ ಕಿತ್ತವರ ಸಾಲೇ ಇರುತ್ತದೆ. ತಂತಿಗೆ ಸಿಕ್ಕಿ ಆಚೀಚೆ ಜಾರಾಡುವ ಬ್ರಾಕೆಟ್ಟನ್ನು ಬೆರಳಲ್ಲಿ ಹಿಡಿದುಕೊಂಡೇ ಬರುತ್ತಾರೆ. ಕೇಳಿದರೆ, ‘ಏನೂ ತಿಂದಿಲ್ರಿ, ತಾನಾ ಬಂತು.’ ಪೂರ್ತಿ ಉದುರಿದ್ದರೆ ಎಸೆಯದೆ ಕಾಗದದಲ್ಲಿ ಸುತ್ತಿ ತನ್ನಿ.

ರಾತ್ರಿ ಬ್ರಷ್ ತಪ್ಪಿಸಬೇಡಿ. ಬ್ರಾಕೆಟ್ಟಿನ ಸುತ್ತ ಅನ್ನ ನಿಂತು ಕೊಳೆತರೆ, ಕ್ಲಿಪ್ ತೆಗೆದ ದಿನ ಪ್ರತಿ ಹಲ್ಲಿನ ಮೇಲೂ ಚೌಕದ ಸುತ್ತ ಬಿಳಿ ಗುರುತು ಉಳಿದಿರುತ್ತದೆ. ತಂತಿಯ ಕೆಳಗೆ ತೂರುವ ಸಣ್ಣ ಬ್ರಷ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಮೆತ್ತನೆಯ ಬ್ರಷ್ ಜೊತೆಗೆ ಅದನ್ನೂ ಇಟ್ಟುಕೊಳ್ಳಿ.

ಕ್ಲಿಪ್ ತೆಗೆದರೆ ಮುಗಿಯಿತೆಂದು ಪೇಡಾ ಹಂಚುವವರಿಗೆ ನಾನು ಹೇಳುವುದು ಒಂದೇ, ಈಗ ಹಲ್ಲು ನಾಟಿ ಮಾಡಿದ ಮರುದಿನದ ಭತ್ತದ ಸಸಿ ಇದ್ದ ಹಾಗೆ, ಬೇರು ಇನ್ನೂ ಕಚ್ಚಿಲ್ಲ. ರಿಟೇನರ್ ಹಾಕದಿದ್ದರೆ ಕೆಲವೇ ತಿಂಗಳಲ್ಲಿ ಹಲ್ಲು ಹಳೆಯ ಜಾಗಕ್ಕೆ ವಾಲುತ್ತದೆ. ಇಲ್ಲೂ ಆಯ್ಕೆ ಇದೆ. ಹಲ್ಲಿನ ಹಿಂದೆ ಅಂಟಿಸುವ ಸಣ್ಣ ತಂತಿ ಮರೆಯುವವರಿಗೆ ಒಳ್ಳೆಯದು, ಆದರೆ ಅದರ ಸುತ್ತ ಕಲ್ಲು ಕಟ್ಟದಂತೆ ತಿಕ್ಕಬೇಕು, ಫ್ಲೋರೈಡ್ ಹಲ್ಲಾದರೆ ಅಂಟು ಬಿಟ್ಟಿದೆಯೇ ಎಂದು ಆಗಾಗ ನೋಡಿಸಬೇಕು. ತಂತಿ ಇರುವ ಪ್ಲೇಟು ಬಹಳ ದಿನ ಬಾಳುತ್ತದೆ, ಕಾಣುತ್ತದೆ. ಪಾರದರ್ಶಕದ್ದು ಕಾಣುವುದಿಲ್ಲ, ಬೇಗ ಸವೆಯುತ್ತದೆ. ಬಿಸಿನೀರಿನಲ್ಲಿ ತೊಳೆದರೆ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟರೆ ಸೊಟ್ಟಗಾಗುತ್ತದೆ. ಮದುವೆ ಊಟಕ್ಕೆ ಕೂತಾಗ ತೆಗೆದು ಎಲೆಯ ಬದಿಗೆ ಇಟ್ಟು, ಎಲೆ ಎತ್ತುವವರ ಜೊತೆ ಕಳಿಸಿಬಿಟ್ಟವರು ಒಬ್ಬಿಬ್ಬರಲ್ಲ. ಡಬ್ಬಿ ಜೇಬಿನಲ್ಲಿರಲಿ.

ಯಾರಿಗೆ ಏನು

ಹಳ್ಳಿಯ ಶಾಲೆಯ ಹುಡುಗ, ಉಬ್ಬಲ್ಲು, ಕೈಯಲ್ಲಿ ದುಡ್ಡು ಕಮ್ಮಿ: ಕಾಲೇಜು ದವಾಖಾನೆ, ಸ್ಟೀಲ್ ಕ್ಲಿಪ್, ಮೊದಲ ವರ್ಷದ ಪಿಜಿ. ಕಂದುಗಲೆ ಇರುವ ಕಾಲೇಜು ಹುಡುಗಿ: ಸ್ಟೀಲ್ ಹಾಕಿಸಿ, ಉಳಿದ ದುಡ್ಡು ಕಲೆಗೆ. ಕಲೆ ಇಲ್ಲ, ಜನರ ಮುಂದೆ ಕೂರುವ ಕೆಲಸ, ತಜ್ಞರು ಊರಲ್ಲೇ ಇದ್ದಾರೆ: ಮೇಲೆ ಬಿಳಿ, ಕೆಳಗೆ ಸ್ಟೀಲ್. ತಜ್ಞರು ದೂರ, ಸಮಸ್ಯೆ ಸಣ್ಣದು, ಚಾದ ಮೇಲೆ ಹಿಡಿತ ಇದೆ, ಲಕ್ಷ ಖರ್ಚು ಮಾಡಬಲ್ಲಿರಿ: ಡಾಕ್ಟರ ಮೂಲಕವೇ ಅಲೈನರ್. ಮದುವೆ ಆರು ತಿಂಗಳಲ್ಲಿದೆ: ಡಾಕ್ಟರಿಗೆ ಅದನ್ನು ನೇರ ಹೇಳಿ. ಎಷ್ಟೋ ಸಲ ಮದುವೆ ಮುಗಿಸಿ, ಹೋಗುವ ಊರಿನಲ್ಲೇ ಶುರು ಮಾಡುವುದು ಜಾಣತನ.

ಅಡ್ವಾನ್ಸ್ ಕೊಡುವ ದಿನ ಒಂದು ಹಾಳೆಯ ಮೇಲೆ ಇಷ್ಟು ಬರೆಸಿಕೊಳ್ಳಿ: ಒಟ್ಟು ಮೊತ್ತ, ಅದರಲ್ಲಿ ಏನೇನು ಸೇರಿದೆ, ಬ್ರಾಕೆಟ್ ಉದುರಿದರೆ ಎಷ್ಟು, ರಿಟೇನರ್ ಎಷ್ಟು, ತಜ್ಞರು ಬರುವ ದಿನ ಯಾವುದು, ಊರು ಬಿಡಬೇಕಾಗಿ ಬಂದರೆ ಎಕ್ಸ್‌ರೇ ಮತ್ತು ಅಚ್ಚು ಕೊಡುತ್ತಾರೋ ಇಲ್ಲವೋ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ದುಡ್ಡು ಕೊಡದೆ ಎದ್ದು ಬನ್ನಿ, ನಮ್ಮ ದವಾಖಾನೆಯಾದರೂ ಸರಿ.